ಸಂಖ್ಯೆಯಿಲ್ಲದ ಕೋವಿ

ಕಂತು ಕಟ್ಟದವರ ಗಾಡಿಗಳನ್ನು ಎಳೆದು ತಂದು ನಿಲ್ಲಿಸುವ ಅಂಗಳದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿರುವವನು ನಾನು, ಎಲ್ವುಡ್. ಎಳೆದು ತರುವುದು ಬೇರೆಯವರ ಕೆಲಸ, ಒಳಗೆ ಸಿಕ್ಕಿದ್ದನ್ನು ಬರೆದಿಡುವುದು ನನ್ನದು. ಗಾಡಿ ಬ್ಯಾಂಕಿನದು, ಗಾಡಿಯೊಳಗಿರುವುದು ಗಾಡಿಯವನದು. ಕಾನೂನು ಇಷ್ಟೇ. ಮಕ್ಕಳ ಬೂಟು, ಬೈಬಲ್ಲು, ಹಲ್ಲಿನ ಸೆಟ್ಟು, ಏನೇ ಇರಲಿ, ಚೀಲಕ್ಕೆ ಹಾಕಿ ಹಿಂದಕ್ಕೆ ಕೊಡಬೇಕು. ಕೋವಿ ಸಿಕ್ಕರೆ ಮಾತ್ರ ಶೆರಿಫ್ ಕಚೇರಿಗೆ, ಅಂದರೆ ನಮ್ಮ ಕಡೆಯ ಪೊಲೀಸರಿಗೆ, ಒಪ್ಪಿಸಬೇಕು, ಗಾಡಿಯವನು ಅಲ್ಲಿಂದ ಬಿಡಿಸಿಕೊಳ್ಳಬೇಕು. ವೆಸ್ಟ್ ವರ್ಜೀನಿಯಾದ ನಮ್ಮ ಬೆಟ್ಟಗಳಲ್ಲಿ ಹತ್ತು ಪಿಕಪ್ಪು ಹಿಡಿದರೆ ಆರರಲ್ಲಿ ಸೀಟಿನ ಹಿಂದೆ ಒಂದು ಕೋವಿ ಇದ್ದೇ ಇರುತ್ತದೆ. ಅದನ್ನು ಯಾರೂ ದೊಡ್ಡ ವಿಷಯ ಮಾಡುವುದಿಲ್ಲ.

ಆ ಅಕ್ಟೋಬರಿನ ಒಂದು ಶುಕ್ರವಾರ ಬಂದ ಹಸಿರು ಪಿಕಪ್ಪು ಹೋಬರ್ಟ್ ಕೋಗರನದು. ಸೀಟಿನ ಹಿಂದೆ ಕಂಬಳಿಯಲ್ಲಿ ಸುತ್ತಿಟ್ಟ ಒಂಟಿ ನಳಿಗೆಯ ಕೋವಿ ಇತ್ತು. ನೋಡಿದ ಕೂಡಲೇ ಗುರುತು ಹತ್ತಿತು. ಕಲ್ಲಿದ್ದಲ ಗಣಿಯಲ್ಲಿ ಹೋಬರ್ಟ್ ನನ್ನ ಮೇಸ್ತ್ರಿಯಾಗಿದ್ದವನು. ಅದೇ ಕೋವಿಯಲ್ಲಿ ಅವನ ಜೊತೆ ಅಳಿಲು ಹೊಡೆದು, ಅವನ ಹೆಂಡತಿ ಐವಾ ಮಾಡಿದ ಅಳಿಲಿನ ಗ್ರೇವಿಯನ್ನು ತಟ್ಟೆ ನೆಕ್ಕುವ ಹಾಗೆ ತಿಂದವನು ನಾನು. ಹಿಂದಿನ ಕಾಲದಲ್ಲಿ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದ ಅಗ್ಗದ ಕೋವಿಗಳಿಗೆ ಎಷ್ಟೋ ಸಲ ಕಾರ್ಖಾನೆಯವರು ಗುರುತಿನ ಸಂಖ್ಯೆ ಹೊಡೆಯುತ್ತಲೇ ಇರಲಿಲ್ಲ. ಇದಕ್ಕೂ ಇಲ್ಲ. ನಮ್ಮ ಕಡೆ ಮೂಗು ಸುರಿಸಿಕೊಂಡು ಓಡಾಡುವ ಮಕ್ಕಳಿಗೂ ಇದು ಗೊತ್ತು.

ಕಂಪ್ಯೂಟರಿಗೆ ಗೊತ್ತಿರಲಿಲ್ಲ, ದರಿದ್ರದ್ದು! ಆ ವರ್ಷ ಬಂದಿದ್ದ ಹೊಸ ನಮೂನೆಯಲ್ಲಿ ಸಂಖ್ಯೆಯ ಜಾಗ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಒಂದೋ ಸಂಖ್ಯೆ ಬರೆಯಬೇಕು, ಇಲ್ಲವೇ ‘ಉಜ್ಜಿ ಅಳಿಸಲಾಗಿದೆ’ ಎಂಬುದನ್ನು ಒತ್ತಬೇಕು. ದೇವರು ಕೊಟ್ಟರೂ ಪೂಜಾರಿ ಬಿಡ. ಯಜಮಾನ ಬ್ಲೇನ್‌ನನ್ನು ಕೇಳಿದೆ.

“ಏನೋ ಒಂದು ಒತ್ತಿ ಸಾಯಯ್ಯಾ. ಅದನ್ಯಾವನು ಓದ್ತಾನೆ?” ಅಂದ.

ಒತ್ತಿದೆ.

ಸೋಮವಾರ ಹೋಬರ್ಟ್ ಯಾರದೋ ಗಾಡಿಯಲ್ಲಿ ಬಂದಿಳಿದ. ಗಣಿಯ ಧೂಳು ಕುಡಿದ ಎದೆ, ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲುತ್ತಾನೆ. ಬಾಯಿ ಮಾತ್ರ ಸೋತಿರಲಿಲ್ಲ.

“ಏನೋ ಎಲ್ವುಡ್, ಕಳ್ಳರ ಸಂತೇಲಿ ಗುಮಾಸ್ತಿಕೆ ಚೆನ್ನಾಗಿ ನಡೀತಿದ್ಯಾ?”

“ಬಾರಣ್ಣ, ಕೂತ್ಕೋ.”

“ಕೂರಕ್ ಬಂದಿಲ್ಲ. ಗಾಡಿ ಇಟ್ಕೊಂಡು ಪೂಜೆ ಮಾಡಿ. ನಂಗೆ ಡೆನ್ಜಿಲ್ ಕೋವಿ ಕೊಡು, ಸಾಕು.”

ಡೆನ್ಜಿಲ್ ಅವನ ಅಣ್ಣ. ಹತ್ತೊಂಬತ್ತನೆಯ ವಯಸ್ಸಿಗೆ ಗಣಿಯ ಸೂರು ಕುಸಿದು ಸತ್ತವನು. ಆಮೇಲೆ ಹೊಳೆ ಉಕ್ಕಿ ಮನೆಗೆ ನುಗ್ಗಿದಾಗ ಅವನ ಫೋಟೋಗಳೂ ಹೋದವು. ಡೆನ್ಜಿಲ್‌ದು ಅಂತ ಭೂಮಿಯ ಮೇಲೆ ಉಳಿದದ್ದು ಆ ಕೋವಿ ಒಂದೇ. ಅದು ಶೆರಿಫ್ ಹತ್ತಿರ ಇದೆ, ಐದು ನಿಮಿಷದ ಕೆಲಸ ಅಂತ ಹೇಳಿ ನಾನೇ ಅವನನ್ನು ಕರೆದುಕೊಂಡು ಹೋದೆ.

ಅಲ್ಲಿದ್ದ ಟೀಟರ್ ಎಂಬ ಪೊಲೀಸಿನವನು ಕೆಟ್ಟವನಲ್ಲ. ಕೋವಿ ತಂದು ಮೇಜಿನ ಮೇಲಿಟ್ಟ, ಜೊತೆಗೆ ನನ್ನ ಕಾಗದ.

“ತಾತ, ಇದು ನಿಮ್ದು ಅಂತ ಇಲ್ಲಿ ಸಹಿ ಹಾಕ್ಬೇಕು. ಹಾಕೋ ಮುಂಚೆ ಒಂದ್ ಮಾತು. ನಂಬರ್ ಉಜ್ಜಿರೋ ಕೋವಿ ಇಟ್ಕೊಳ್ಳೋದು ಅಪರಾಧ. ನಿಮ್ದು ಅಂದ್ರೆ ನಾನು ನಿಮ್ಮನ್ನ ಒಳಗ್ ಹಾಕ್ಬೇಕಾಗತ್ತೆ.”

“ಉಜ್ಜೋದಾ? ನಂಬರ್ರೇ ಇರ್ಲಿಲ್ವಲ್ಲಪ್ಪಾ ಇದಕ್ಕೆ!”

“ನಂಗೂ ಹಾಗೇ ಕಾಣತ್ತೆ. ಆದ್ರೆ ಕಾಗದ ಬೇರೆ ಹೇಳ್ತಿದೆ. ಬರೆದೋರು ತಪ್ಪು ಬರೆದೆ ಅಂತ ಒಂದ್ ಸಾಲು ಬರ್ಕೊಟ್ರೆ ಈಗ್ಲೇ ಎತ್ಕೊಂಡ್ ಹೋಗಿ.” ನನ್ನ ಕಡೆ ತಿರುಗಿದ. “ನೀವೇ ಅಲ್ವಾ ಬರೆದಿದ್ದು?”

ಒಂದೇ ಒಂದು ಸಾಲು. ಆದರೆ ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟೆ ಅಂತ ನಾನೇ ಬರೆದುಕೊಟ್ಟ ಹಾಗಾಗುತ್ತದೆ, ಅಂಗಳದ ಪರವಾನಗಿಗೆ ಕುತ್ತು ಬರುತ್ತದೆ, ಬ್ಲೇನ್ ಅವತ್ತೇ ನನ್ನನ್ನು ಹೊರಗೆ ಹಾಕುತ್ತಾನೆ. ನನಗೆ ಅರವತ್ತೊಂದು. ಮೊಣಕಾಲು ಎರಡೂ ಹೋಗಿವೆ. ಇನ್ಯಾವನು ಕೆಲಸ ಕೊಡುತ್ತಾನೆ?

“ನಾನು... ಯಜಮಾನ್ರನ್ನ ಕೇಳಿ ಹೇಳ್ತೀನಿ,” ಅಂದೆ.

ಥೂ, ನನ್ನ ಜನ್ಮಕ್ಕಿಷ್ಟು!

ಹೋಬರ್ಟ್ ನನ್ನನ್ನೇ ನೋಡಿದ. ಮನೆಯಲ್ಲಿ ಐವಾ ಆಮ್ಲಜನಕದ ಸಿಲಿಂಡರ್ ಪಕ್ಕ ಮಲಗಿದ್ದಾಳೆ, ಅದನ್ನು ಬದಲಾಯಿಸಲು ಅವನೊಬ್ಬನೇ. ಕೋವಿ ತನ್ನದು ಅಂದರೆ ಅವನಿಗೆ ಜೈಲು, ಅಲ್ಲ ಅಂದರೆ ಕೋವಿ ಹೋಯಿತು. ಇತ್ತ ದರಿ, ಅತ್ತ ಪುಲಿ. ಅವನನ್ನು ಅಲ್ಲಿ ತಂದು ನಿಲ್ಲಿಸಿದವನು ನಾನು.

“ನಂದಲ್ಲ,” ಅಂದ.

ಟೀಟರ್ ಕೋವಿಯನ್ನು ಮಗುಚಿ ಹಾಕಿದ. ಮರದ ಹಿಡಿಯ ಮೇಲೆ ಚಾಕುವಿನಿಂದ ಕೊರೆದ ಸೊಟ್ಟ ಅಕ್ಷರಗಳಿದ್ದವು.

“ಡೆನ್ಜಿಲ್ ಅಂತಿದೆ. ವಾರಸುದಾರರನ್ನ ಕೇಳಿದೆ ಅಂತ ನಾನು ಬರೀಬೇಕು ತಾತ. ಈ ಹೆಸರಿನೋರು ಯಾರಾದ್ರೂ ಗೊತ್ತಾ?”

ಹೋಬರ್ಟ್ ಅಕ್ಷರಗಳ ಮೇಲೆ ಹೆಬ್ಬೆರಳು ಇಟ್ಟ. ತನ್ನ ಅಣ್ಣ ಅಂದರೆ ಕೋವಿ ಮತ್ತೆ ಅವನದೇ ಆಗುತ್ತದೆ. ಅವನ ಎದೆ ಗೊರಗೊರ ಅನ್ನುವುದು ನನಗೆ ಕೇಳಿಸುತ್ತಿತ್ತು.

“ಇಲ್ಲಪ್ಪ. ಅಂಥೋನ್ಯಾವನೂ ನಂಗ್ ಗೊತ್ತಿಲ್ಲ.”

ವಾರಸುದಾರರಿಲ್ಲದ, ಸಂಖ್ಯೆಯೂ ಇಲ್ಲದ ಕೋವಿಯನ್ನು ಮಾರುವ ಹಾಗಿಲ್ಲ, ಗರಗಸದಲ್ಲಿ ಕತ್ತರಿಸುತ್ತಾರೆ. ಅದನ್ನೂ ಟೀಟರ್ ತಲೆ ತಗ್ಗಿಸಿಕೊಂಡೇ ಹೇಳಿದ. ಹೋಬರ್ಟ್ ತೋರಿಸಿದ ಕಡೆ ಸಹಿ ಹಾಕಿದ.

ಹೊರಗೆ ಬಂದ ಮೇಲೆ ನನ್ನ ನಾಲಿಗೆಗೆ ಜೀವ ಬಂತು. “ಅಣ್ಣ, ನಾಳೆನೇ ಬ್ಲೇನ್‌ಗೆ ಹೇಳಿ ಸರಿ ಮಾಡಿಸ್ತೀನಿ. ನನ್ನಾಣೆ.”

“ಸರಿ ಮಾಡಿಸ್ತೀಯಾ?” ಅವನು ಕಂಬ ಹಿಡಿದುಕೊಂಡು ನಿಂತ. “ಒಡಹುಟ್ಟಿದೋನು ಯಾವನೋ ಗೊತ್ತಿಲ್ಲ ಅಂತ ಹೇಳಿಸ್ಬಿಟ್ಟಲ್ಲೋ ನನ್ ಬಾಯಲ್ಲಿ. ಅದನ್ನ ಹೆಂಗ್ ಸರಿ ಮಾಡಿಸ್ತೀಯೋ?”

ಗಾಡಿ ಹತ್ತು ಅಂದೆ. ಹತ್ತಲಿಲ್ಲ. ಅವನ ಮನೆಗೆ ಅಲ್ಲಿಂದ ಆರು ಮೈಲಿ ಏರುದಾರಿ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ಕೂತಿದ್ದೆ.

ಮರುದಿನ ಎಂಟು ಗಂಟೆಗೆ ಸರಿಯಾಗಿ ಕೆಲಸಕ್ಕೆ ಹೋದೆ. ಬ್ಲೇನ್‌ಗೆ ಏನೂ ಹೇಳಲಿಲ್ಲ.