ಕರಿ ಕುರಿಯ ಸಿದ್ಧಾಂತ

ರಾಯಚೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಜಂಬಣ್ಣನಿಗೆ ಜೀವವಿಕಾಸದ ಹುಚ್ಚು ಹಿಡಿದದ್ದು ಕುರಿಯಿಂದ. ಕಪ್ಪು ಬಣ್ಣ ಶಾಖ ಹೀರುತ್ತದೆಂದು ಪ್ರತಿ ವರ್ಷ ಪಾಠ ಮಾಡುತ್ತಾನೆ. ಹಾಗಿದ್ದರೆ ಬಂಡೆ ಕಾದು ಸಿಡಿಯುವ ಈ ಸೀಮೆಯಲ್ಲಿ ಕುರಿಗಳೇಕೆ ಕಪ್ಪು? ಪ್ರಕೃತಿ ಅಷ್ಟು ದಡ್ಡಿಯೇ?

ಮೂರು ಬೇಸಿಗೆ ತನ್ನೂರು ಮಲ್ಲಟದಲ್ಲಿ ಮನೆಯ ಕುರಿಹಿಂಡಿನದೇ ಬೆನ್ನು ಹತ್ತಿದ. ಉಣ್ಣೆಯೊಳಗೆ ಥರ್ಮಾಮೀಟರ್ ತೂರಿಸಿ ಒದೆ ತಿಂದ. ಟಗರು ಎರಡು ಥರ್ಮಾಮೀಟರು ಮುರಿಯಿತು. ಕೊನೆಗೆ ನಲವತ್ತು ಪುಟದ ಸಿದ್ಧಾಂತ ಹುಟ್ಟಿತು: ಕಪ್ಪು ಉಣ್ಣೆಯ ತುದಿ ಕಾದು ಗಾಳಿಯನ್ನು ಮೇಲೆಬ್ಬಿಸುತ್ತದೆ, ಚರ್ಮ ತಂಪಾಗಿರುತ್ತದೆ, ಹಾಗಾಗಿ ಬಿಳಿಯವು ಸತ್ತು ಕರಿಯವು ಉಳಿದವು.

ಇದು ಗೆದ್ದರೆ ಹೈದರಾಬಾದಿನಲ್ಲಿ ಜೀವಶಾಸ್ತ್ರದ ಸಂಶೋಧನೆ. ಸೋತರೆ ನಿವೃತ್ತಿಯವರೆಗೆ ಅದೇ ಲೋಲಕ, ಅದೇ ಸ್ಪ್ರಿಂಗು. ತೀರ್ಮಾನಿಸಬೇಕಾದ ಹೈದರಾಬಾದಿನ ಪ್ರೊಫೆಸರ್ ಗುಲ್ಶನ್ ಬೇಗಂ ಹುಟ್ಟಾ ರಾಯಚೂರಿನವರೇ. ೧೯೭೯ರ ಏಪ್ರಿಲ್‌ನಲ್ಲಿ ಹಿಂಡು ನೋಡಲು ಅವರೇ ಮಲ್ಲಟಕ್ಕೆ ಬಂದರು.

ಜಂಬಣ್ಣ ತಾಸುಗಟ್ಟಲೆ ವಿವರಿಸಿದ. ಬೇಗಂ ಅವನ ತಾಯಿ ಬೂದೆಮ್ಮನತ್ತ ತಿರುಗಿದರು.

“ಅಮ್ಮಾ, ಬಿಳಿ ಮರಿ ಹುಟ್ಟಂಗೇ ಇಲ್ಲೇನ್ರೀ?”

“ಹುಟ್ತಾವ್ರೀ ಬಾಯಾರ. ಮಾನ್ವಿ ಸಂತ್ಯಾಗ ಮಾರಿಬಿಡ್ತೀನಿ. ಬಿಳಿ ಕಂಬ್ಳಿ ಯಾರ್ ಹೊದೀತಾರ್ರೀ? ಒಂದಿನಕ್ಕ ಹೊಲಸಾಗ್ತದ. ನಮ್ಮತ್ತಿ ದೇವದುರ್ಗದಾಕಿ, ಆಕಿನೂ ಹಿಂಗ ಮಾಡ್ತಿದ್ಲು. ಆಕಿ ಅತ್ತಿನೂ.”

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ಜಂಬಣ್ಣನ ಪಾಡು. ಅವನ ಮುಖ ಬಾಡಿತು.

“ಯವ್ವಾ! ಮೂರ್ ವರ್ಷ ನಿನ್ನ ಮುಂದನ ಅಳತಿ ಮಾಡೀನಿ. ಒಂದ್ ಮಾತು ಹೇಳಬಾರ್ದಿತ್ತೇನು?”

“ನನ್ನ ಎಲ್ಲಿ ಕೇಳಿದಿ? ಕುರೀನ ಕೇಳಾಕತ್ತಿದ್ದಿ.”

ಬೇಗಂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು: “ಜಂಬಣ್ಣಾರ, ಕರಿ ಕುರಿ ಬಿಸಿಲು ತಡಿಯೋದು ನಿಮ್ಮ ಫಿಸಿಕ್ಸು. ಬರೇ ಕರೀವ ಉಳಿಯೋದು ಇವರ ಕೆಲಸ. ಎರಡೂ ಕೂಡಿಸಿ ಬರ್ದ್ರ ಛಲೋ ಆಗ್ತದ. ಅಮ್ಮಾ, ಇವರನ್ನ ಹೈದರಾಬಾದಿಗೆ ಒಯ್ಯಲೇನ್ರೀ?”

ಊರಿನ ಮೊದಲ ಎಂ.ಎಸ್ಸಿ. ತಾನೆಂದು ಜಂಬಣ್ಣನಿಗೆ ಒಳಗೊಳಗೇ ಬಲು ಜಂಬ. ನಾಲ್ವರು ಮಕ್ಕಳಲ್ಲಿ ಬುದ್ಧಿವಂತನೆಂದೇ ಅವ್ವ ತನ್ನನ್ನು ಶಾಲೆಗೆ ಹಾಕಿದ್ದಾಳೆಂದು ನಂಬಿಕೊಂಡಿದ್ದ.

ಬೂದೆಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಒಯ್ರಿ ಬಾಯಾರ. ಕಾಯಾಕ ಕಳಿಸಿದ್ರ ದಿನಾ ಎರಡ್ ಕುರಿ ಕಳಕೊಂಡು ಬರ್ತಿದ್ದ, ಅದಕ್ಕ ಸಾಲಿಗೆ ಹಾಕಿದ್ದೆ. ತಿನ್ನೋದು ಕಮ್ಮಿ, ಬಿಸಿಲು ತಡೀತಾನ.”