ವಾಸಂತಿ ಆರಿಸಿದ ನೆಲ

ಪೆಟ್ಟಿಗೆ ಹೊತ್ತು ಬಂದ ನಾಲ್ವರೂ ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ವಾಸಂತಿಯನ್ನು ಎಲ್ಲಿ ಇಳಿಸುವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

"ಪೆಟ್ಟಿಗೆಗೆ ಸ್ಟ್ಯಾಂಡ್ ಬೇಡ ಕಣೋ ಗುರು. ನೆಲದ ಮೇಲೆ ಮಲಗಿಸೋದೇ ನಮ್ಮ ಪದ್ಧತಿ," ಎಂದರು ದೂರದ ಟಾಲಾ ಊರಿನಿಂದ ಬಂದಿದ್ದ ಡಾಕ್ಟರ್ ಅನಂತಕೃಷ್ಣ.

"ಬರೀ ಕಾಂಕ್ರೀಟು ಅನಂತಣ್ಣ. ಕೊರೀತಾ ಇದೆ," ಎಂದ ಅವಳ ಗಂಡ ಗುರುದತ್.

ಮನೆ ಬೆಚ್ಚಗಿಡಲು ನೆಲದೊಳಗೆ ಹಾಯಿಸಿದ್ದ ಬಿಸಿನೀರಿನ ಪೈಪುಗಳನ್ನು ನಿನ್ನೆ ಮಧ್ಯಾಹ್ನ ಅವನೇ ಬಂದ್ ಮಾಡಿದ್ದ. ಕೋಣೆ ತಣ್ಣಗಿರಬೇಕೆಂದು ಶವ ತರುವವರು ಹೇಳಿದ್ದರು. ಈ ಚಳಿಯೂರು ಗಾಲ್ವೇಯ ಬಾಡಿಗೆ ಮನೆಗಳಲ್ಲಿ ಸಾಕ್ಸಿನ ಮೇಲೆ ಸಾಕ್ಸ್ ಹಾಕಿಕೊಂಡೇ ವರ್ಷಗಳನ್ನು ಕಳೆದವಳಿಗೆ, ಸ್ವಂತ ಮನೆಯಲ್ಲಿ ಕೊನೆಗೆ ಈ ತಣ್ಣನೆಯ ನೆಲ.

"ಆ ಕಾರ್ಪೆಟ್ ಮೇಲಾದ್ರೂ ಇಡಿ," ಎಂದ.

ಕೋಣೆಯ ನಡುವೆ ಅವನೇ ತಂದು ಹಾಸಿದ್ದ ದಪ್ಪ ತುಂಡು ಅದು. ನೋಡಿಯಾದರೂ ಅವಳು ಒಪ್ಪಲಿ ಎಂದು. ಒಪ್ಪಿರಲಿಲ್ಲ.

* * *

ಹೊಸ ಮನೆಯ ಕಾಂಕ್ರೀಟು ಪೂರ್ತಿ ಒಣಗುವವರೆಗೆ ಅದರ ಮೇಲೆ ಏನನ್ನೂ ಹಾಕಿಸುವಂತಿರಲಿಲ್ಲ. ಅಷ್ಟೂ ದಿನ ವಾಸಂತಿ ಲ್ಯಾಬಿನ ಕೆಲಸ ಮುಗಿಸಿ ಬಂದವಳೇ, ಅಂಗಡಿಯವರು ಕೊಟ್ಟ ಸ್ಯಾಂಪಲ್ಲುಗಳನ್ನು ನೆಲದ ಮೇಲಿಟ್ಟು ಬರಿಗಾಲಲ್ಲಿ ನಿಂತು ನೋಡುತ್ತಿದ್ದಳು. ಮರದ ಹಲಗೆ, ಕಾರ್ಪೆಟ್, ಬೂದುಬಣ್ಣದ ಟೈಲ್. ಟೈಲ್ ಮೇಲೆ ನಿಂತಾಗ ಮಾತ್ರ ಕಣ್ಣು ಮುಚ್ಚುತ್ತಿದ್ದಳು.

"ಟೈಲ್ಸ್ ಹಾಕಿದ್ರೆ ಆಸ್ಪತ್ರೆ ಥರ ಕಾಣತ್ತೆ," ಎಂದಿದ್ದ ಗುರುದತ್. "ಕಾರ್ಪೆಟ್ ಬೆಚ್ಚಗಿರತ್ತೆ."

"ಅದು ಬೆಚ್ಚಗಿರತ್ತೆ ರೀ, ನಾವಲ್ಲ. ಬಿಸೀನೆಲ್ಲ ಕೆಳಗೇ ಬಚ್ಚಿಟ್ಕೊಳತ್ತೆ, ಮೇಲಕ್ಕೆ ಬಿಡಲ್ಲ. ಥೇಟ್ ನಿಮ್ಮ ಥರ."

ಅವನು ನಕ್ಕಿರಲಿಲ್ಲ. ಮಾರನೆಯ ದಿನವೇ ಅವಳಿಗೆ ಹೇಳದೆ ಕಾರ್ಪೆಟ್ಟಿಗೆ ಆರ್ಡರ್ ಕೊಟ್ಟ. ನಿಧಾನವಾಗಿ ಹೇಳಿದರಾಯಿತು ಅಂದುಕೊಂಡಿದ್ದ. ಅಷ್ಟರಲ್ಲಿ ಅವಳು ಬಸ್ ಸ್ಟಾಪಿನಲ್ಲಿ ಕುಸಿದುಬಿದ್ದಳು.

* * *

ದರ್ಶನ ಮುಗಿದು ಪೆಟ್ಟಿಗೆ ವ್ಯಾನ್ ಸೇರಿತು. ಬಂದವರೆಲ್ಲ ಹೊರಗೆ ನಡೆದರು. ಅನಂತಕೃಷ್ಣ ಗುರುದತ್‌ನ ಫೋನಿಗೆ ಕೈ ಅಡ್ಡ ಹಿಡಿದು ಒಳಗೆ ಬಂದರು.

"ಕಾರ್ಪೆಟ್ ಅಂಗಡಿಯವ್ರು ಕಣೋ. ಪಾಪ, ವಿಷಯ ಗೊತ್ತಿಲ್ಲ. ನಾಳೆ ಬಂದು ಹಾಕ್ಲಾ ಅಂತಾರೆ."

ಗುರುದತ್ ಬಗ್ಗಿ, ಕಾರ್ಪೆಟ್ಟನ್ನು ಸುತ್ತತೊಡಗಿದ. ಕೈ ಕೆಳಗಿನ ಕಾಂಕ್ರೀಟಿಗೆ ತಾಗಿತು. ತಾಗಿದ ಕೈ ಅಲ್ಲೇ ನಿಂತಿತು.

ಕೋಣೆಯೆಲ್ಲ ಮಂಜಿನಂತೆ ತಣ್ಣಗಿದ್ದರೂ ಕಾರ್ಪೆಟ್ ಮುಚ್ಚಿದ್ದಲ್ಲಿ ಮಾತ್ರ ನೆಲ ಇನ್ನೂ ಬೆಚ್ಚಗಿತ್ತು.

"ಬೇಡ ಅನ್ನಿ," ಎಂದ.

"ಡ್ಯಾಡ್, ದೇ ಆರ್ ವೇಟಿಂಗ್." ಬಾಗಿಲಲ್ಲಿ ಮಗಳು ಶರ್ವಾಣಿ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ನಿಂತಿದ್ದಳು.

"ಇಲ್ಲಿ ಬಾ ಪುಟ್ಟಿ."

ಅವಳ ಕೈ ಹಿಡಿದು ನೆಲಕ್ಕೆ ಒತ್ತಿದ. ಹುಡುಗಿ ಅಪ್ಪನ ಮುಖ ನೋಡಿದಳು. ಆಮೇಲೆ ಬೂಟು ಕಳಚಿದಳು, ಸಾಕ್ಸನ್ನೂ ಕಳಚಿದಳು. ಹೊರಗೆ ವ್ಯಾನಿನ ಇಂಜಿನ್ ಶುರುವಾಯಿತು. ಅವಳು ಅಲ್ಲಿ ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿದಳು.