ಜಾಹೀರಾತು ಇಲ್ಲದ ಪಾಠ

ಪ್ರದ್ಯುಮ್ನನ ಮಾತು ನಿಂತದ್ದು ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ. ತರೀಕೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ಅವನದೊಂದು ಮೇಜು, ಎರಡು ಕುರ್ಚಿ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ಜಮೀನು, ನಿವೇಶನಗಳ ಪತ್ರ ಬರೆದುಕೊಡುತ್ತಿದ್ದ. ಅಂದು ಲಕ್ಕವಳ್ಳಿ ಕಡೆಯ ಮುದ್ದಪ್ಪನವರ ಕ್ರಯಪತ್ರ ಸಿದ್ಧವಾಗಿತ್ತು. ಸಹಿಗೆ ಮುಂಚೆ ಜಮೀನಿನ ಎಲ್ಲೆಗಳನ್ನು ಜೋರಾಗಿ ಓದಿ ಹೇಳುವುದು ಅವನ ಪದ್ಧತಿ. ಪೂರ್ವಕ್ಕೆ ಯಾರ ಗದ್ದೆ ಎಂಬುದನ್ನು ಓದಿದ. ‘ಪಶ್ಚಿಮಕ್ಕೆ’ ಎಂದವನು ಅಲ್ಲೇ ನಿಂತ. ‘ಪಶ್ಚಿಮಕ್ಕೆ ಕಾಲುವೆ ಕಣ್ರೀ’ ಎಂದು ಮುದ್ದಪ್ಪನವರು ನೆನಪಿಸಿದರು. ಅವನು ಮರೆತಿದ್ದಾನೆ ಎಂದುಕೊಂಡಿದ್ದರು. ಕಾಗದ ಕೈಯಿಂದ ಜಾರಿ ಬಿದ್ದಮೇಲೆ, ಅವನ ಬಾಯಿ ಒಂದು ಕಡೆಗೆ ವಾಲಿದ್ದನ್ನು ಕಂಡು ಆಟೊ ಕರೆದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಮನೆಗೆ ಬಂದ. ಏಪ್ರಿಲ್ ಹೊತ್ತಿಗೆ ಕೋಲು ಹಿಡಿದು ಓಡಾಡುವಂತಾದ. ಬಲಗೈ ಅರ್ಧ ಎತ್ತುತ್ತಿದ್ದ. ಪೇಪರ್ ಓದುತ್ತಿದ್ದ, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿಂದ ಮಾತ್ರ ಒಂದೇ ಶಬ್ದ: ‘ತಾ’. ಬೇಕೆನ್ನುವುದಕ್ಕೂ ಅದೇ, ಸಿಟ್ಟಿಗೂ ಅದೇ. ವಯಸ್ಸು ನಲವತ್ತೊಂಬತ್ತು.

ಹೆಂಡತಿ ಶರ್ವಾಣಿ ಊರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಐದಕ್ಕೆ ಎದ್ದು ಅಡುಗೆ ಮುಗಿಸಿ, ಅವನಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಮಧ್ಯಾಹ್ನದ ಊಟ ಮುಚ್ಚಿಟ್ಟು ಹತ್ತಕ್ಕೆ ಸಂಘದಲ್ಲಿರಬೇಕಿತ್ತು. ಪಕ್ಕದ ಮನೆಯ ಗುರುಶಾಂತಮ್ಮ ಒಂದು ಗಂಟೆಗೆ ಬಂದು ನೋಡಿ ಹೋಗುತ್ತಿದ್ದರು. ಸಂಜೆ ಆರಕ್ಕೆ ಶರ್ವಾಣಿ ಬಂದ ಮೇಲೆ ಮತ್ತೆ ಅದೇ ಸುತ್ತು. ಇದೆಲ್ಲದರ ನಡುವೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತಿನ ಅಭ್ಯಾಸ ಮಾಡಿಸಬೇಕೆಂದು ಶಿವಮೊಗ್ಗದ ಥೆರಪಿಸ್ಟ್ ಹೇಳಿದ್ದಳು. ಅಭ್ಯಾಸಕ್ಕೆ ಒಂದು ವಿಡಿಯೊ ಸೈಟಿನಲ್ಲಿರುವ ಕನ್ನಡ ಪಾಠಗಳನ್ನು ಅವಳೇ ಫೋನಿನಲ್ಲಿ ಹುಡುಕಿಕೊಟ್ಟಳು. ಮೈಸೂರಿನ ಒಬ್ಬ ಮೇಡಂ ಮಾಡಿದ ಪಾಠಗಳು ಅವು. ತೆರೆಯ ಮೇಲೆ ಲೋಟದ ಚಿತ್ರ ಬರುತ್ತದೆ. ಮೇಡಂ ನಿಧಾನವಾಗಿ ‘ನೀರು’ ಎನ್ನುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ನೋಡುವವನು ಹೇಳಬೇಕು.

ಪ್ರದ್ಯುಮ್ನ ಶ್ರದ್ಧೆಯಿಂದ ಕೂತ. ಮೇಡಂ ಮುಖವನ್ನೇ ನೋಡುತ್ತ, ತುಟಿ ಅವರ ಹಾಗೇ ಮಾಡಿ, ಗಂಟಲಲ್ಲಿ ಏನೋ ತಿಣುಕಿ ‘ನ್ನೀ’ ಎನ್ನುವಷ್ಟರಲ್ಲಿ ಆ ಮೌನದೊಳಕ್ಕೆ ಜಾಹೀರಾತು ನುಗ್ಗುತ್ತಿತ್ತು. ಆನ್‌ಲೈನ್ ರಮ್ಮಿ, ಕೂದಲೆಣ್ಣೆ, ಹತ್ತು ನಿಮಿಷದಲ್ಲಿ ಸಾಲ. ಅವನಿಗೆ ಯಾವುದು ಪಾಠ, ಯಾವುದು ಜಾಹೀರಾತು ಎಂದು ಆ ಕ್ಷಣಕ್ಕೆ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಎಣ್ಣೆಯ ಹುಡುಗಿ ಪಟಪಟನೆ ಆಡಿದ್ದನ್ನೂ ಹೇಳಲು ಹೋಗುತ್ತಿದ್ದ. ತುಟಿ ಅಷ್ಟು ವೇಗವಾಗಿ ಆಡದೆ ಒದ್ದಾಡಿ, ಕಡೆಗೆ ‘ತಾ ತಾ ತಾ’ ಎಂದು ತೊಡೆಗೆ ಹೊಡೆದುಕೊಳ್ಳುತ್ತಿದ್ದ. ಶರ್ವಾಣಿ ಅಡುಗೆಮನೆಯಿಂದ ಒದ್ದೆ ಕೈಯಲ್ಲಿ ಓಡಿಬಂದು ಅದನ್ನು ದಾಟಿಸುವಷ್ಟರಲ್ಲಿ ಮೇಡಂ ಮುಂದಿನ ಪದಕ್ಕೆ ಹೋಗಿರುತ್ತಿದ್ದರು. ಬಂದಿದ್ದ ‘ನ್ನೀ’ ಎಲ್ಲೋ ಹೋಗಿರುತ್ತಿತ್ತು.

ಮೂರು ವಾರ ಹೀಗೇ ಆಯಿತು. ಒಂದು ಶನಿವಾರ ಅವನ ಆಧಾರ್ ಕೆಲಸಕ್ಕೆಂದು ಹೋದಾಗ ಶರ್ವಾಣಿ ಇದನ್ನು ರುಬೀನಾಳಿಗೆ ಹೇಳಿದಳು. ರುಬೀನಾ ಬಸ್‌ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟುಕೊಂಡವಳು. ಮೂವತ್ತರ ಆಸುಪಾಸು. ಪಹಣಿ ತೆಗೆಸಲು ಪ್ರದ್ಯುಮ್ನ ಜನರನ್ನು ಅವಳಲ್ಲಿಗೇ ಕಳಿಸುತ್ತಿದ್ದ.

‘ತಿಂಗಳು ತಿಂಗಳು ದುಡ್ಡು ಕಟ್ಟಿದ್ರೆ ಜಾಹೀರಾತು ಬರಲ್ಲ ಅಕ್ಕ’ ಎಂದಳು ರುಬೀನಾ.

‘ಇನ್ನೊಂದು ತಿಂಗಳ ಕಂತು ಬೇಡ ಕಣಮ್ಮ. ಇರೋದೇ ಸಾಕಾಗಿದೆ.’

ರುಬೀನಾ ಒತ್ತಾಯ ಮಾಡಲಿಲ್ಲ. ಆ ಸಂಜೆಯೇ ಅಂಗಡಿಯ ಹಳೆಯ ಲ್ಯಾಪ್‌ಟಾಪ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಬ್ರೌಸರ್‌ಗೆ ಸೇರಿಸುವ ಒಂದು ಪುಟ್ಟ ಸಾಧನ ಇದೆ, ಎಕ್ಸ್‌ಟೆನ್ಶನ್ ಅಂತಾರೆ, ಅದು ಜಾಹೀರಾತು ಬರುವ ದಾರಿಯನ್ನೇ ಮುಚ್ಚುತ್ತೆ ಎಂದು ವಿವರಿಸಿದಳು. ಮೂಲೆಯಲ್ಲಿ ಗುರಾಣಿಯಂಥ ಕೆಂಪು ಗುರುತು ಕೂತಿತು. ಬಲಗೈ ಆಗದವನಿಗೆಂದು ಮೌಸನ್ನು ಎಡಗಡೆಗಿಟ್ಟು, ‘ಸರ್, ಒತ್ತಿ ನೋಡಿ’ ಎಂದಳು.

ಪಾಠ ಮೊದಲಿನಿಂದ ಕೊನೆವರೆಗೆ ಎಲ್ಲೂ ನಿಲ್ಲದೆ ಹೋಯಿತು. ಮೇಡಂ ಸುಮ್ಮನಾದಾಗ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಶರ್ವಾಣಿ ಎಷ್ಟೋ ದಿನದ ಮೇಲೆ ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

‘ಇದು ತಪ್ಪಲ್ವೇನೇ? ಆ ಮೇಡಂಗೆ ಜಾಹೀರಾತಿಂದ ತಾನೇ ನಾಕು ಕಾಸು ಬರೋದು?’

‘ಬರುತ್ತೋ ಇಲ್ವೋ ನಂಗೊತ್ತಿಲ್ಲ ಅಕ್ಕ. ಬರೋದಾದ್ರೆ ತಪ್ಪೇ. ಸರ್ ಮಾತಾಡೋ ಹಂಗಾದ್ಮೇಲೆ ತೆಗೆದುಬಿಡಣ.’

ಹನ್ನೊಂದನೆಯ ದಿನ ಬೆಳಿಗ್ಗೆ ಪ್ರದ್ಯುಮ್ನ ‘ನೀರು’ ಎಂದ. ಲೋಟದ ಚಿತ್ರ ನೋಡಿಯೇ ಹೇಳಿದ್ದು, ಆದರೂ ಪೂರ್ತಿ ಪದ. ಮೇ ಕೊನೆಗೆ ‘ಅನ್ನ’, ‘ಬಾ’, ‘ಮನೆ’ ಬಂದವು. ಪಾಠದ ಹೊರಗೆ, ಅವನಾಗಿ, ಒಂದೂ ಬರಲಿಲ್ಲ. ಬಾಯಾರಿದರೆ ಈಗಲೂ ‘ತಾ’ ಎಂದೇ ಕೈ ತೋರಿಸುತ್ತಿದ್ದ. ಹೀಗೇ ಆಗೋದು, ಕಾಯಬೇಕು ಎಂದಳು ಥೆರಪಿಸ್ಟ್. ಶರ್ವಾಣಿ ಕಾದಳು. ಕಾಯುವುದು ಅವಳ ದಿನಚರಿಯಲ್ಲಿ ಇನ್ನೊಂದು ಕೆಲಸವಾಗಿ ಸೇರಿಕೊಂಡಿತು.

ಜೂನ್‌ನಲ್ಲಿ ಒಂದು ಸಂಜೆ ಪಾಠದ ಬದಲು ತೆರೆಯ ಮೇಲೆ ಬಿಳಿ ಚೌಕ ಬಂತು. ನೀವು ಜಾಹೀರಾತು ತಡೆಯುತ್ತಿದ್ದೀರಿ, ಇನ್ನು ಮೂರು ವಿಡಿಯೊ ಮಾತ್ರ ನೋಡಬಹುದು ಎಂಬ ಒಕ್ಕಣೆ. ರುಬೀನಾ ಬಂದು ಸಾಧನವನ್ನು ಹೊಸತು ಮಾಡಿ ಹೋದಳು. ನಾಲ್ಕು ದಿನ ಸರಿಯಿತ್ತು. ಮತ್ತೆ ಚೌಕ. ಮತ್ತೆ ಅವಳು ಬಂದಳು. ‘ಅವ್ರು ಮುಚ್ತಾರೆ, ಇವ್ರು ತೆಗೀತಾರೆ ಅಕ್ಕ. ಹಿಂಗೇ ನಡೀತಿರುತ್ತೆ’ ಎಂದಳು. ಸಂಘದಿಂದ ಬರುವಾಗ ಪದೇಪದೇ ಅವಳ ಅಂಗಡಿಗೆ ಹೋಗಿ ನಿಲ್ಲುವುದು ಶರ್ವಾಣಿಗೆ ನಾಚಿಕೆ ಅನ್ನಿಸತೊಡಗಿತು. ಅಲ್ಲಿ ಅರ್ಜಿ ಹಿಡಿದವರು ಸಾಲಾಗಿ ಕೂತಿರುತ್ತಿದ್ದರು.

ಜುಲೈ ಮೊದಲ ವಾರ ಬ್ರೌಸರ್ ತಾನಾಗಿಯೇ ಹೊಸತಾಯಿತು. ಈ ಸಾಧನಕ್ಕೆ ಇನ್ನು ಬೆಂಬಲವಿಲ್ಲ ಎಂಬ ಸಾಲು ಕಾಣಿಸಿ ಗುರಾಣಿ ಮಾಯವಾಯಿತು. ರುಬೀನಾ ಮದುವೆಗೆಂದು ಅಜ್ಜಂಪುರಕ್ಕೆ ಹೋಗಿದ್ದಳು. ಎರಡು ದಿನ ಕಾಯಬಹುದಿತ್ತು. ಆದರೆ ಅಂದು ಪ್ರದ್ಯುಮ್ನ ‘ಹಾಲು’ ಎನ್ನುವುದರಲ್ಲಿದ್ದ, ‘ಹಾ’ ಬಂದಿತ್ತು, ರಮ್ಮಿಯವನು ನಡುವೆ ಬಂದು ಕಿರುಚಿದ. ಶರ್ವಾಣಿ ತಾನೇ ಕೂತು ಹುಡುಕಿದಳು. ಮೊದಲಿಗೇ ಸಿಕ್ಕಿತು. ಹೆಸರು ಹೆಚ್ಚುಕಡಿಮೆ ಅದೇ, ಗುರಾಣಿಯ ಚಿತ್ರವೂ ಅದೇ. ಒಪ್ಪಿಗೆ ಕೇಳಿದ ಕಡೆಯಲ್ಲೆಲ್ಲ ಒಪ್ಪಿಗೆ ಒತ್ತಿದಳು.

ಹತ್ತು ನಿಮಿಷದಲ್ಲಿ ತೆರೆಯ ಮೂಲೆಯಿಂದ ಒಂದರ ಮೇಲೊಂದು ಚೌಕಗಳು ಏಳತೊಡಗಿದವು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ನಿಮಗೆ ಬಹುಮಾನ ಬಂದಿದೆ, ಅರೆಬೆತ್ತಲೆ ಹೆಂಗಸರ ಚಿತ್ರ, ಮತ್ತೆ ವೈರಸ್. ಒಂದು ಮುಚ್ಚಿದರೆ ಎರಡು. ಪ್ರದ್ಯುಮ್ನ ಪಕ್ಕದಲ್ಲಿ ಕೂತು ‘ತಾ, ತಾ’ ಎನ್ನುತ್ತ ಅವಳ ತೋಳು ಜಗ್ಗುತ್ತಿದ್ದ. ಒಲೆಯ ಮೇಲೆ ಬೇಳೆ ಸೀಯುವ ವಾಸನೆ ಬಂತು.

‘ಏನ್ ತಾ ತಾ?’ ಎಂದು ಅವಳು ತಿರುಗಿದಳು. ‘ಐದು ತಿಂಗಳಿಂದ ಈ ಮನೇಲಿ ನಾನೊಬ್ಳೇ ಮಾತಾಡ್ತಿದೀನಿ. ಕೇಳೋಳೂ ನಾನೇ, ಉತ್ತರ ಹೇಳ್ಕೊಳ್ಳೋಳೂ ನಾನೇ. ಬಾಯ್ಬಿಟ್ಟು ಒಂದ್ ಮಾತಾದ್ರೂ ಆಡಬಾರ್ದಾ ನೀವು?’

ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿತು. ಪ್ರದ್ಯುಮ್ನ ತೋಳು ಬಿಟ್ಟ. ಎಡಗೈಯಿಂದ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, ಕೋಲು ಹಿಡಿದು ಎದ್ದು ಒಳಗೆ ಹೋಗಿ ಮಲಗಿದ.

ಮಾರನೆಯ ದಿನ ಅವನು ಅಭ್ಯಾಸಕ್ಕೆ ಕೂರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಊಟ, ಸ್ನಾನ, ಮಾತ್ರೆ ಎಲ್ಲಕ್ಕೂ ಒಪ್ಪಿಕೊಂಡು ನಡೆದ. ಪಾಠ ಎಂದರೆ ಕಿಟಕಿಯ ಕಡೆಗೆ ಮುಖ ಮಾಡುತ್ತಿದ್ದ. ‘ತಾ’ ಎನ್ನುವುದನ್ನೂ ನಿಲ್ಲಿಸಿಬಿಟ್ಟ. ಒಂದು ರಾತ್ರಿ ಊಟಕ್ಕೆ ಕೂತಾಗ ಶರ್ವಾಣಿ ‘ತಪ್ಪಾಯ್ತು ಕಣ್ರೀ’ ಎಂದಳು. ಅವನು ಅವಳ ಕಡೆ ನೋಡಿ, ಉಪ್ಪಿನಕಾಯಿಯ ಬಾಟಲಿಯನ್ನು ಅವಳ ತಟ್ಟೆಯತ್ತ ಸರಿಸಿದ. ಸಿಟ್ಟಿರಲಿಲ್ಲ. ಆದರೆ ಬೆಳಿಗ್ಗೆ ಮತ್ತೆ ಕಿಟಕಿಯೇ.

ರುಬೀನಾ ಊರಿಂದ ಬಂದವಳು ಲ್ಯಾಪ್‌ಟಾಪನ್ನು ಒಯ್ದು ತೊಳೆದ ಹಾಗೆ ಸ್ವಚ್ಛ ಮಾಡಿ ತಂದಳು. ಅದೇ ಹೆಸರಿಟ್ಟುಕೊಂಡು ಮೋಸ ಮಾಡುವಂಥವು ಬಹಳ ಇವೆ ಎಂದಳು. ಈ ಸಲ ಬೇರೆಯದೇ ಬ್ರೌಸರ್ ಹಾಕಿ, ಅಸಲಿ ಸಾಧನವನ್ನು ಅದರಲ್ಲಿ ಸೇರಿಸಿಕೊಟ್ಟಳು. ಹಳೆಯ ಬ್ರೌಸರನ್ನೂ ಅಳಿಸದೆ ಬಿಟ್ಟಳು. ಪ್ರದ್ಯುಮ್ನ ಅವಳನ್ನು ಕಂಡು ತಲೆಯಾಡಿಸಿದ, ತೆರೆಯನ್ನು ನೋಡಲಿಲ್ಲ.

ಬಾಗಿಲವರೆಗೆ ಬಿಡಲು ಬಂದ ಶರ್ವಾಣಿ ತಾನು ಆಡಿದ್ದನ್ನು ಹೇಳಿಕೊಂಡಳು. ರುಬೀನಾ ಚಪ್ಪಲಿ ಮೆಟ್ಟಿದಳು.

‘ನಮ್ಮ ಅಬ್ಬಾ ಹಾಸಿಗೆ ಹಿಡಿದಾಗ ನಮ್ಮಮ್ಮಿ ಇದಕ್ಕಿಂತ ಜಾಸ್ತಿ ಅಂದಿದ್ರು ಅಕ್ಕ. ಬಾಗಿಲ ಹಿಂದೆ ನಿಂತು ಕೇಳಿದ್ದೆ. ಆಮೇಲೂ ಮೂರು ವರ್ಷ ಅವ್ರೇ ನೋಡ್ಕೊಂಡ್ರು.’

ಅದು ಸಮಾಧಾನವೋ ಅಲ್ಲವೋ ಶರ್ವಾಣಿಗೆ ತಿಳಿಯಲಿಲ್ಲ. ಆದರೂ ಆ ದಿನ ಸ್ವಲ್ಪ ನಿದ್ದೆ ಬಂತು.

ಮುಂದಿನ ವಾರ ಒಂದು ಗುರುವಾರ ಸಂಘದ ಬೀದಿಯಲ್ಲಿ ಮಾತ್ರ ಮಧ್ಯಾಹ್ನದಿಂದ ಕರೆಂಟಿಲ್ಲದೆ ಕಂಪ್ಯೂಟರ್ ನಿಂತವು. ಕಾರ್ಯದರ್ಶಿ ಮೂರು ಗಂಟೆಗೆ ಎಲ್ಲರನ್ನೂ ಮನೆಗೆ ಕಳಿಸಿದರು. ಶರ್ವಾಣಿ ಬೀದಿ ತಿರುಗುವಾಗಲೇ ಕೂದಲೆಣ್ಣೆಯ ಹಾಡು ಕೇಳಿಸಿತು. ಟಿವಿ ಇರಬೇಕೆಂದುಕೊಂಡಳು. ಗುರುಶಾಂತಮ್ಮ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

‘ನಿನ್ ಗಂಡ ನಾಕ್ ದಿನದಿಂದ ಉಂಡ ತಕ್ಷಣ ಅದ್ರ ಮುಂದೆ ಕೂತ್ಕತಾನೆ ಕಣೇ. ಆ ಎಣ್ಣೆ ಹಾಡು ನಂಗೂ ಬಾಯಿಪಾಠ ಆಗೋಯ್ತು’ ಎಂದರು.

ಶರ್ವಾಣಿ ಒಳಗೆ ಹೋಗದೆ ಕಿಟಕಿಯ ಹತ್ತಿರ ನಿಂತಳು. ಪ್ರದ್ಯುಮ್ನ ಮೇಜಿಗೆ ಕೂತಿದ್ದ. ತೆರೆದಿದ್ದದ್ದು ಹಳೆಯ ಬ್ರೌಸರ್. ಅವನಿಗೆ ಅಭ್ಯಾಸವಾಗಿದ್ದ ಜಾಗದಲ್ಲಿ ಅದರ ಗುರುತೇ ಇತ್ತು, ಅದನ್ನೇ ಒತ್ತಿಕೊಂಡಿದ್ದ. ತಡೆಯುವುದು ಏನೂ ಇಲ್ಲದ್ದರಿಂದ ಜಾಹೀರಾತುಗಳು ಬರುತ್ತಿದ್ದವು. ಎಣ್ಣೆಯ ಹುಡುಗಿ ಪಟಪಟನೆ ಮಾತಾಡುತ್ತಿದ್ದಳು. ಪ್ರದ್ಯುಮ್ನನ ತುಟಿ ಆಡಲಿಲ್ಲ. ಬಾಯಿ ಮುಚ್ಚಿಕೊಂಡು, ಎಡಗೈ ಬೆರಳನ್ನು ಮೌಸಿನ ಮೇಲಿಟ್ಟು ಕಾಯುತ್ತಿದ್ದ. ದಾಟಿಸುವ ಗುಂಡಿ ಕಾಣಿಸಿದ ಕೂಡಲೇ ಒತ್ತಿದ. ಮೇಡಂ ಬಂದರು. ‘ಬಾಗಿಲು’ ಎಂದರು. ‘ಬಾ...ಗ್ಲು’ ಎಂದ ಪ್ರದ್ಯುಮ್ನ. ನಡುವೆ ರಮ್ಮಿಯವನು ಬಂದ. ಅವನಿಗೂ ಇವನು ಬಾಯಿ ತೆರೆಯಲಿಲ್ಲ. ಅವನು ಹೋದಮೇಲೆ ಮತ್ತೆ ‘ಬಾಗ್ಲು’ ಎಂದ, ಪದ ಕೈಬಿಟ್ಟು ಹೋಗಿರಲಿಲ್ಲ.

ಯಾವ ದನಿಗೆ ಉತ್ತರ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದು ಅವನಿಗೆ ಈಗ ಗೊತ್ತಾಗುತ್ತಿತ್ತು. ಅದನ್ನು ಅವನು ಅವಳಿಲ್ಲದ ಹೊತ್ತಿನಲ್ಲಿ ಒಬ್ಬನೇ ಕೂತು ಕಲಿತುಕೊಂಡಿದ್ದ.

ಶರ್ವಾಣಿ ಒಳಗೆ ಬಂದಳು. ಅವನು ಬೆಚ್ಚಿ ತಿರುಗಿದ, ಸಿಕ್ಕಿಬಿದ್ದವನ ಹಾಗೆ.

‘ರೀ, ಇದು ಹಳೇದು. ಇದ್ರಲ್ಲಿ ಜಾಹೀರಾತು ಬರ್ತಾನೇ ಇರುತ್ತೆ. ರುಬೀನಾ ಹಾಕಿಕೊಟ್ಟಿರೋದು ಇನ್ನೊಂದಿದೆ. ತೆಗೆದುಕೊಡ್ಲಾ?’

ಅವನು ಅವಳ ಮುಖ ನೋಡಿದ. ತುಟಿ ಕೂಡಿದವು, ಬಿಟ್ಟವು. ಗಂಟಲು ತಿಣುಕಿತು. ಅವಳು ನಡುವೆ ಬಾಯಿ ಹಾಕಲಿಲ್ಲ.

‘ಬಿಡೇ’ ಎಂದ.

ಆ ಪದ ಮೇಡಂ ಪಾಠದಲ್ಲಿ ಎಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅವಳಿಗೆ ಅವನು ಹಾಗೇ ಹೇಳುತ್ತಿದ್ದ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ಅದು ಅವನಿಗೂ ಕೇಳಿಸಿತು. ಇನ್ನೊಮ್ಮೆ ಹೇಳಲು ನೋಡಿದ. ಆಗಲಿಲ್ಲ, ‘ತಾ’ ಎಂದೇ ಬಂತು. ತೆರೆಯ ಕಡೆ ತಿರುಗಿದ.

ಶರ್ವಾಣಿ ಚೀಲವನ್ನು ಮೊಳೆಗೆ ಹಾಕಿದಳು. ರುಬೀನಾಳಿಗೆ ಫೋನ್ ಮಾಡಬೇಕು, ಥೆರಪಿಸ್ಟ್‌ಗೆ ಹೇಳಬೇಕು ಅನ್ನಿಸಿತು. ಮೈಯಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಅಲ್ಲೇ ಚಾಪೆ ಎಳೆದುಕೊಂಡು, ಸೀರೆಯನ್ನೂ ಬದಲಾಯಿಸದೆ ಗೋಡೆಯ ಪಕ್ಕ ಮಲಗಿದಳು. ಯಾರೋ ಹತ್ತು ನಿಮಿಷದಲ್ಲಿ ಸಾಲ ಕೊಡುತ್ತೇನೆನ್ನುತ್ತಿದ್ದರು. ಅದು ಅರ್ಧಕ್ಕೆ ನಿಂತಿತು. ಮೇಡಂ ಏನೋ ಹೇಳಿದರು, ಅವನು ಏನೋ ಹೇಳಿದ. ಯಾವ ಪದ ಎಂದು ಕೇಳಿಸಿಕೊಳ್ಳುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.